ಅಮಾವಾಸ್ಯೆಯಂದು ಕರೆದ ವಾರ್ಡ್ ಸಭೆ

ನೀರಿನ ಟ್ಯಾಂಕಿನ ಬುಡದಲ್ಲಿ ಮೂರು ವಾಲ್ವ್‌ಗಳಿದ್ದವು. ಮೊದಲ ಎರಡು ಹಳೆಯ ಊರಿನವು. ಬೆಳಿಗ್ಗೆ ಐದಕ್ಕೆ ಅವುಗಳನ್ನು ತಿರುಗಿಸಿದರೆ ಎಂಟರವರೆಗೆ ನೀರು ಹರಿಯುತ್ತಿತ್ತು. ಮೂರನೆಯದು ಬಾಡಿಗೆಯ ಸಾಲುಮನೆಗಳದ್ದು. ಅದನ್ನು ಹತ್ತು ಗಂಟೆಗೆ ತೆರೆಯುತ್ತಿದ್ದರು. ಆ ಹೊತ್ತಿಗೆ ಸಾಲುಮನೆಗಳ ಹೆಂಗಸರು ಗಂಡಸರೆಲ್ಲರೂ ಕಟ್ಟಡದ ಕೆಲಸಕ್ಕೋ ಕಾರ್ಖಾನೆಗೋ ಹೋಗಿಬಿಟ್ಟಿರುತ್ತಿದ್ದರು. ನೀರು ಬಿಡುವ ಕೆಲಸದ ನೀರುಗಂಟಿಯನ್ನು ನಾನು ಒಂದು ಬೆಳಿಗ್ಗೆ ಅಲ್ಲಿಯೇ ನಿಲ್ಲಿಸಿ, ಹತ್ತು ಗಂಟೆ ಎಂದು ತೀರ್ಮಾನಿಸಿದವರು ಯಾರು ಎಂದು ಕೇಳಿದೆ.

"ನಾನ್ಯಾರು ಮೇಡಂ ತೀರ್ಮಾನ ಮಾಡಾಕೆ? ಯೋಳಿದ್ದು ಮಾಡ್ತೀನಿ."

"ಹೇಳಿದವರು ಯಾರು?"

ಆತ ವಾಲ್ವಿನ ಗುಂಡಿಯ ಮೇಲೆ ಕಲ್ಲುಚಪ್ಪಡಿ ಎಳೆದು, ಕೈ ಒರೆಸಿಕೊಂಡ. "ಅದು ಮೊದ್ಲಿಂದ್ಲೂ ಅಂಗೆಯಾ. ಆಪೀಸ್ನಾಗೆ ಕೇಳಿ."

ಮಾಕಳಿಯ ಆಚೆ, ತುಮಕೂರು ರಸ್ತೆಯಿಂದ ಒಳಕ್ಕೆ ಇರುವ ಆ ಊರಿನ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಪೀಣ್ಯದಲ್ಲಿ ಜಾಗ ಸಿಗದ ಸಣ್ಣ ಕಾರ್ಖಾನೆಗಳು ಅಲ್ಲಿಗೆ ಬಂದಿದ್ದವು. ಅವುಗಳ ಹಿಂದೆಯೇ ಯಾದಗಿರಿ, ರಾಯಚೂರು ಕಡೆಯ ಕೆಲಸಗಾರರು ಬಂದಿದ್ದರು. ಹಳೆಯ ಮನೆತನದವರು ರಾಗಿ ಹೊಲಗಳಲ್ಲಿ ಸಿಮೆಂಟು ಶೀಟಿನ ಸಾಲುಮನೆಗಳನ್ನು ಕಟ್ಟಿ ಬಾಡಿಗೆಗೆ ಬಿಟ್ಟಿದ್ದರು. ಪಂಚಾಯಿತಿಗಳಿಗೆ ಅಭಿವೃದ್ಧಿ ಅಧಿಕಾರಿಗಳು ಬಂದು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ವಾರ್ಡ್ ಸಭೆಗಳು ಕಾಗದದ ಮೇಲಲ್ಲದೆ ನೆಲದ ಮೇಲೆಯೂ ನಡೆಯುವಂತೆ ಮಾಡುವುದು ನಾನಿದ್ದ ಪುಟ್ಟ ಸಂಸ್ಥೆಯ ಕೆಲಸ. ಅಲ್ಲಿಯ ಪಂಚಾಯಿತಿಗಳ ಹೊಣೆ ನನ್ನದಾಗಿತ್ತು.

ಸಾಲುಮನೆಗಳಿಗೆಲ್ಲ ಸೇರಿ ಒಂದೇ ನಲ್ಲಿ. ನೀರು ಬರುತ್ತಿದ್ದುದು ಒಂದು ಗಂಟೆ. ಹೆಂಗಸರು ಇದಕ್ಕೊಂದು ಸರದಿ ಮಾಡಿಕೊಂಡಿದ್ದರು. ದಿನಕ್ಕೆ ಇಬ್ಬರು ಕೆಲಸ ಬಿಟ್ಟು ಮನೆಯಲ್ಲಿ ಉಳಿಯುತ್ತಿದ್ದರು, ಎಲ್ಲ ಮನೆಗಳ ಕೊಡಗಳನ್ನೂ ಡ್ರಮ್ಮುಗಳನ್ನೂ ಅವರೇ ತುಂಬಿಸಿಡುತ್ತಿದ್ದರು. ಗಾರೆ ಕೆಲಸಕ್ಕೆ ಹೋಗುವ ಹಿರಿಯ ಹೆಂಗಸೊಬ್ಬರು ಸರದಿಯ ಯಜಮಾನಿ. ಯಾರ ದಿನ ಯಾವುದು ಎಂಬ ಬಗ್ಗೆ ಅವರ ಮಾತೇ ಕಡೆಯ ಮಾತು. ಮೊದಲ ಸಲ ನೋಡಿದಾಗ ನನಗೆ ಇದು ಸಹಕಾರದ ಸುಂದರ ಉದಾಹರಣೆಯಾಗಿ ಕಂಡಿತು, ಸಂಸ್ಥೆಯ ವರದಿಯಲ್ಲಿ ಹಾಗೆಯೇ ಬರೆದೆ. ಆದರೆ ಅದು ಸಹಕಾರವಾಗುವುದಕ್ಕಿಂತ ಹೆಚ್ಚಾಗಿ ದಂಡವಾಗಿತ್ತು. ಸಾರ್ವಜನಿಕ ಸಂಸ್ಥೆಯೊಂದು ಮಾಡಬೇಕಾದ ಕೆಲಸವನ್ನು ಮಾಡದೆ ಬಿಟ್ಟದ್ದರ ಬೆಲೆಯನ್ನು ದಿನಗೂಲಿಯ ಹೆಂಗಸರು ತಮ್ಮ ಕೂಲಿಯಿಂದ ತೆರುತ್ತಿದ್ದರು. ಅವರು ಅಚ್ಚುಕಟ್ಟಾಗಿ ತೆರುತ್ತಿದ್ದುದರಿಂದಲೇ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇದನ್ನು ನನಗೆ ತಿಳಿಯುವಂತೆ ಮಾಡಿದವಳು ಅದೇ ಸಾಲಿನ ಇನ್ನೊಬ್ಬ ಹೆಣ್ಣುಮಗಳು. ಪ್ಲಾಸ್ಟಿಕ್ ಮುಚ್ಚಳ ತಯಾರಿಸುವ ಘಟಕವೊಂದರಲ್ಲಿ, ಪ್ಯಾಕಿಂಗ್ ವಿಭಾಗಕ್ಕೆ ಅವಳು ಆಗಷ್ಟೇ ಸೇರಿದ್ದಳು. ಬೆಳಿಗ್ಗೆ ಆರರಿಂದ ಎರಡರವರೆಗಿನ ಶಿಫ್ಟ್. ಮೂರು ತಿಂಗಳು ಒಂದು ದಿನವೂ ತಪ್ಪಿಸದೆ ಬಂದರೆ ಕಾಯಂ ಮಾಡುತ್ತೇವೆ, ಇಎಸ್ಐ ಕಾರ್ಡು ಕೊಡುತ್ತೇವೆ ಎಂದು ಮೇಲ್ವಿಚಾರಕ ಹೇಳಿದ್ದ. ಇಎಸ್ಐ ಕಾರ್ಡು ಕೆಲಸಕ್ಕೆ ಸೇರಿದ ದಿನದಿಂದಲೇ ಸಲ್ಲಬೇಕಾದದ್ದು. ಅದನ್ನು ಬಹುಮಾನದಂತೆ ತೋರಿಸಿದ್ದು ಆ ಘಟಕದವರ ಅನ್ಯಾಯ. ಅವಳಿಗೆ ಬೇಕಾಗಿದ್ದುದೂ ಆ ಕಾರ್ಡೇ. ಅವಳ ಗಂಡ ಕಟ್ಟಡದ ಸಾರುವೆಯಿಂದ ಬಿದ್ದು, ತೊಡೆಗೆ ಸರಳು ಹಾಕಿಸಿಕೊಂಡು, ಊರುಗೋಲಿನ ಮೇಲಿದ್ದ. ಸರಳನ್ನು ತೆಗೆಸಬೇಕಿತ್ತು, ಕಾರ್ಡಿದ್ದರೆ ಇಎಸ್ಐ ಆಸ್ಪತ್ರೆಯಲ್ಲಿ ಅದಕ್ಕೆ ಖರ್ಚಿರಲಿಲ್ಲ. ಬಿದ್ದ ದಿನ ಆಸ್ಪತ್ರೆಯ ಬಾಗಿಲವರೆಗೆ ಬಂದ ಗುತ್ತಿಗೆದಾರ ಮತ್ತೆ ಅತ್ತ ತಲೆ ಹಾಕಿರಲಿಲ್ಲ.

"ನನ್ನ ಪಾಳಿ ಬಂದ್ರ ಏನ್ ಮಾಡ್ಲಿ ಅಕ್ಕಾರ?" ಎಂದು ಅವಳು ಕೇಳಿದಳು. "ಹೋದ್ರ ಇವ್ರು ಬಿಡಂಗಿಲ್ಲ, ಹೋಗ್ಲಿಲ್ಲಂದ್ರ ಅವ್ರು ಬಿಡಂಗಿಲ್ಲ."

ಸರದಿಯ ಯಜಮಾನಿ ಬಾಗಿಲಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. "ಕಂಪನಿಗಿ ಹೋದಾಕಿಗಿ ನೀರಡಿಕಿ ಆಗಂಗಿಲ್ಲೇನು? ಕುಡಿಯಾಕ ಬೇಕಂದ್ರ ತುಂಬಾಕೂ ಬರ್ಬೇಕು" ಎಂದರು. ಮಾತು ಕಟುವಾಗಿತ್ತು, ಆದರೆ ತಪ್ಪಾಗಿರಲಿಲ್ಲ. ಒಬ್ಬಳನ್ನು ಬಿಟ್ಟರೆ ಮುಂದಿನ ವಾರ ಇನ್ನೊಬ್ಬಳನ್ನು ಬಿಡಬೇಕಾಗುತ್ತದೆ, ಸರದಿಯೇ ಉಳಿಯುವುದಿಲ್ಲ.

ನಾನು ಪಂಚಾಯಿತಿ ಕಚೇರಿಗೆ ಹೋದೆ. ಅಭಿವೃದ್ಧಿ ಅಧಿಕಾರಿ ಸಜ್ಜನ, ಸದಾ ಆತುರದಲ್ಲಿರುವ ಯುವಕ. "ನೀರಿನ ಟೈಮಿಂಗ್ ಎಲ್ಲಾ ಮೆಂಬರ್ ಲೆವೆಲ್‌ನಲ್ಲಿ ಆಗೋದು ಮೇಡಂ, ನಾವು ತಲೆ ಹಾಕಲ್ಲ" ಎಂದರು. ವಾರ್ಡಿನ ಸದಸ್ಯರ ಬಳಿಗೆ ಹೋದೆ. ಅವರು ಹಳೆಯ ಊರಿನವರು, ಒಂದು ಸಾಲುಮನೆಯ ಮಾಲೀಕರೂ ಹೌದು. ಅಂಗಳದಲ್ಲಿ ಕುರ್ಚಿ ಹಾಕಿಸಿ, ಟೀ ತರಿಸಿ, "ಅಯ್ಯೋ, ನಾನೇನ್ ಮಾಡ್ಲಿ ಮೇಡಂ, ಆಫೀಸ್ನೋರು ಆರ್ಡರ್ ಮಾಡ್ಬೇಕು" ಎಂದರು. ಮತ್ತೆ ಅಧಿಕಾರಿಯ ಬಳಿ ಬಂದು ಆದೇಶ ಮಾಡಿಸಿ ಎಂದೆ. "ವಾಟರ್‌ಮನ್‌ಗೆ ಲೋಕಲ್ ಪರಿಸ್ಥಿತಿ ಗೊತ್ತಿರತ್ತಲ್ಲ, ಅವನನ್ನೇ ಕೇಳಿ" ಎಂದರು. ಹೀಗೆ ಹೊರಟಲ್ಲಿಗೇ ಬಂದು ನಿಂತೆ. ಕಡೆಗೆ ಅಧಿಕಾರಿ ಒಂದು ಉಪಕಾರ ಮಾಡಲು ಮುಂದಾದರು: "ಹತ್ತಕ್ಕೆ ಬದ್ಲು ಒಂಬತ್ತೂವರೆಗೆ ಬಿಡ್ಸಲಾ ಮೇಡಂ? ಈಗ್ಲೇ ಫೋನ್ ಮಾಡ್ತೀನಿ."

ನೀರು ಒಂಬತ್ತೂವರೆಗೆ ಬಂದರೆ ಆರಕ್ಕೇ ಕೆಲಸಕ್ಕೆ ಹೋದವಳಿಗೆ ಏನು ಪ್ರಯೋಜನವೆಂದು ನಾನು ಕೇಳಲಿಲ್ಲ. ಫೋನಿನಲ್ಲಿ ಬಂದ ನೀರು ಫೋನಿನಲ್ಲೇ ನಿಂತುಹೋಗುತ್ತದೆ. ಆ ಊರಿನಲ್ಲಿ ಯಾರೂ ಕೇಡು ಬಯಸಿ ಸಾಲುಮನೆಗಳನ್ನು ಕೊನೆಗೆ ಇಟ್ಟಿರಲಿಲ್ಲ. ಯಾರೂ ತೀರ್ಮಾನವನ್ನೇ ಮಾಡಿರಲಿಲ್ಲ, ಮಾಡದ ತೀರ್ಮಾನಕ್ಕೆ ಉತ್ತರ ಹೇಳುವವರೂ ಇರಲಿಲ್ಲ. ಇದನ್ನು ನಾನು ಅನ್ಯಾಯಗಳಲ್ಲೇ ದೊಡ್ಡದೆಂದು ಎಣಿಸುತ್ತೇನೆ, ಏಕೆಂದರೆ ಇದಕ್ಕೆ ಎದುರಾಳಿಯೇ ಸಿಗುವುದಿಲ್ಲ. ವಾರ್ಡ್ ಸಭೆ ಕರೆದು, ನೀರಿನ ವೇಳೆಯನ್ನು ಎಲ್ಲರೆದುರು ಚರ್ಚಿಸಿ, ನಿರ್ಣಯವನ್ನು ಸ್ಥಳದಲ್ಲೇ ಬರೆದು ಓದಿ ಹೇಳಬೇಕೆಂದು ಲಿಖಿತ ಮನವಿ ಕೊಟ್ಟೆ.

ಸಭೆ ಯಾವಾಗ ಎಂಬ ಪ್ರಶ್ನೆ ಬಂದಾಗ ನಾನೇ ಭಾನುವಾರ ಮಧ್ಯಾಹ್ನ ಎಂದು ಸೂಚಿಸಿದೆ. ರಜೆಯ ದಿನ, ಎಲ್ಲರೂ ಮನೆಯಲ್ಲಿರುತ್ತಾರೆ ಎಂಬುದು ನನ್ನ ಲೆಕ್ಕ. ತಮಟೆ ಹೊಡೆಸಿ ಸಾರಿಸಿದ್ದೂ ಆಯಿತು.

ಆ ಭಾನುವಾರ ಶಾಲೆಯ ಜಗುಲಿಯ ಮೇಲೆ ಸದಸ್ಯರು, ಅಧಿಕಾರಿ, ನೀರುಗಂಟಿ, ನಾನು, ಮತ್ತು ಶಿಫ್ಟ್ ಮುಗಿಸಿ ಓಡಿಬಂದ ಪ್ಯಾಕಿಂಗಿನ ಹೆಣ್ಣುಮಗಳು ಇದ್ದೆವು. ಬೇರೆ ಯಾರೂ ಬರಲಿಲ್ಲ. ಗಾರೆಯವರಿಗೆ ಭಾನುವಾರ ರಜೆಯಿರಲಿಲ್ಲ. ಸ್ಲ್ಯಾಬ್ ಹಾಕುವ ಕೆಲಸಗಳೆಲ್ಲ ಅಂದೇ ಇರುತ್ತಿದ್ದವು. ಅವರ ಹೆಸರು ಇಲ್ಲಿಯ ಮತಪಟ್ಟಿಯಲ್ಲೂ ಇರಲಿಲ್ಲ, ಕೋರಂ ಲೆಕ್ಕಕ್ಕೆ ಬರುತ್ತಿದ್ದವರು ಹಳೆಯ ಊರಿನ ಮತದಾರರು ಮಾತ್ರ. ಆ ಮತದಾರರಂತೂ ಸಭೆಗೆ ಬರುವ ಪದ್ಧತಿಯನ್ನೇ ಇಟ್ಟುಕೊಂಡಿರಲಿಲ್ಲ. ಹಾಜರಿ ಹಾಳೆಯೇ ಅವರ ಮನೆಗಳಿಗೆ ಹೋಗುತ್ತಿತ್ತು.

ಸದಸ್ಯರು ಖಾಲಿ ಅಂಗಳವನ್ನು ನೋಡಿ ನಕ್ಕರು. "ಮೇಡಂ, ನಿಮ್ ಜನಸಾಗರ ಎಲ್ಲಿ?" ಎಂದರು. ಆಮೇಲೆ ನೀರುಗಂಟಿಯ ಕಡೆಗೆ ತಿರುಗಿ, "ಹಾಳೆ ತಗೊಂಡು ಹೋಗಿ ಸೈನ್ ಹಾಕಿಸ್ಕೊಂಬಾರೋ" ಎಂದರು.

"ಹಾಗೆ ಮಾಡಿದರೆ ನಾನು ತಾಲ್ಲೂಕು ಪಂಚಾಯಿತಿಗೆ ಬರೆಯುತ್ತೇನೆ" ಎಂದೆ. "ಕೋರಂ ಇಲ್ಲದ ಸಭೆ ನಡೆದಿದೆ ಎನ್ನುವುದು ಸುಳ್ಳು ದಾಖಲೆ."

"ಎಲ್ಲಾ ಕಡೆ ಇಂಗೇ ನಡೆಯೋದು ಕಣಮ್ಮ" ಎಂದ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನನ್ನ ವಯಸ್ಸಿನ ಬಗ್ಗೆ ಕನಿಕರವಿತ್ತು. ಅಧಿಕಾರಿ ಮಾತ್ರ ಹಾಳೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಸಭೆಯನ್ನು ಮುಂದೂಡಿದರು. ನನ್ನ ಹಟದಿಂದ ಸುಳ್ಳು ಸಹಿಗಳು ನಿಂತವು, ನೀರಿನ ಪ್ರಶ್ನೆಯೂ ಅಲ್ಲೇ ನಿಂತಿತು.

ಅದೇ ವಾರ ಪ್ಯಾಕಿಂಗಿನವಳ ಸರದಿ ಬಂತು. ಅವಳು ಉಳಿದಳು. ಮರುದಿನ ಮೇಲ್ವಿಚಾರಕ ಅವಳನ್ನು ಗೇಟಿನಿಂದ ವಾಪಸು ಕಳಿಸಲಿಲ್ಲ, ಆದರೆ ಮೂರು ತಿಂಗಳ ಲೆಕ್ಕ ಅಂದಿನಿಂದ ಹೊಸದಾಗಿ ಶುರು ಎಂದ. ಆಗಲೇ ಒಂದು ತಿಂಗಳಷ್ಟು ಕಳೆದಿತ್ತು. ಇದನ್ನು ಅವಳು ನನಗೆ ಹೇಳಿದ್ದು ಅಂಗಡಿಯ ಮುಂದೆ, ಸೊಪ್ಪು ಆರಿಸುತ್ತ, ಬೇರೆ ಯಾರದೋ ಸುದ್ದಿಯಂತೆ. ಅಂದಿನಿಂದ ಅವಳೂ ಸರದಿಯ ಯಜಮಾನಿಯೂ ಮಾತು ಬಿಟ್ಟರು. ಒಂದೇ ಗೋಡೆಯ ಎರಡು ಪಕ್ಕದ ಮನೆಗಳು ಅವರವು.

ಆ ಸಂಜೆ ನಾನು ಯಜಮಾನಿಯ ಬಳಿಗೆ ಹೋಗಿ, ನಿಮಗೆಲ್ಲ ಒಟ್ಟಿಗೆ ಬಿಡುವಿರುವ ದಿನ ಒಂದಾದರೂ ಇದೆಯೇ ಎಂದು ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

"ಅಮಾಸಿ ದಿನ ಇಡ್ರಿ. ಅಮಾಸಿಗಿ ನಾವು ಕೆಲ್ಸ ಹಿಡಿಯಂಗಿಲ್ಲ. ಊರಾಗೂ ಇಲ್ಲ, ಇಲ್ಲೂ ಇಲ್ಲ. ಮೇಸ್ತ್ರಿಗೂ ಗೊತ್ತದ."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದೆ.

"ನೀವು ಕೇಳಿದ್ರಲ್ರಿ ಈಗ."

ನನ್ನ ಮನೆಯಲ್ಲಿ ಪಂಚಾಂಗವಿರಲಿಲ್ಲ. ರಾಹುಕಾಲ, ಗ್ರಹಣ, ಅಮಾವಾಸ್ಯೆಗಳನ್ನು ಧಿಕ್ಕರಿಸುವುದನ್ನೇ ಪ್ರಜಾಪ್ರಭುತ್ವದ ಮೊದಲ ಪಾಠವೆಂದು ಕಲಿಸಿದ ಶಾಲೆಯಲ್ಲಿ ಓದಿದವಳು ನಾನು. ಆದ್ದರಿಂದ ಅಮಾವಾಸ್ಯೆಯಂದು ಸಭೆ ಎಂಬ ಮಾತು ನನಗೆ ಹಿಡಿಸಿತು. ಆದರೆ ಹಿಡಿಸಿದ ಕಾರಣ ತಪ್ಪಾಗಿತ್ತು. ಅಧಿಕಾರಿ, "ಅಮಾವಾಸ್ಯೆ ದಿನ ಸಭೆನಾ ಮೇಡಂ? ನಂಗೇನೋ ನಂಬಿಕೆ ಇಲ್ಲ, ಆದ್ರೆ ಇವ್ರು ಒಳ್ಳೆ ಕೆಲ್ಸ ಶುರು ಮಾಡಲ್ವಲ್ಲ ಆವತ್ತು" ಎಂದಾಗ ನನ್ನ ಉತ್ಸಾಹ ಇಮ್ಮಡಿಯಾಯಿತು. ನಾನೇ ಕರಪತ್ರ ಬರೆದೆ. ತಲೆಬರಹ ದಪ್ಪ ಅಕ್ಷರಗಳಲ್ಲಿ: ಅಮಾವಾಸ್ಯೆಗೆ ಹೆದರಬೇಡಿ, ವಾರ್ಡ್ ಸಭೆಗೆ ಬನ್ನಿ.

ಎರಡು ಬೀದಿಗಳಲ್ಲಿ ಹಂಚುವಷ್ಟರಲ್ಲಿ ಊರಿನ ಎರಡೂ ಭಾಗಗಳು ನನ್ನ ಮೇಲೆ ಮುನಿಸಿಕೊಂಡಿದ್ದವು. ಹಳೆಯ ಊರಿನ ಹೆಂಗಸೊಬ್ಬರು ಕರಪತ್ರವನ್ನು ಓದಿ ನನಗೇ ವಾಪಸು ಕೊಟ್ಟು, "ಎದ್ರುಕೊಂಡೋರು ಯಾರವ್ವ ಇಲ್ಲಿ? ಆವತ್ತು ಮಾರಮ್ಮನ ಪೂಜೆ ಐತೆ, ಗುಡಿ ತಾವ ಊಟ ಐತೆ. ನಮ್ಗೆ ಬುದ್ಧಿ ಯೋಳಾಕ್ ಬಂದ್ಬುಟ್ಲು" ಎಂದರು. ಸಾಲುಮನೆಗಳಲ್ಲಿ ಇನ್ನೂ ಕೆಟ್ಟದಾಯಿತು. ಓದಲು ಬರುವವನೊಬ್ಬ ಓದಿ ಹೇಳಿದ. ಸರದಿಯ ಯಜಮಾನಿ ಕೈಯಲ್ಲಿದ್ದ ರೊಟ್ಟಿಯ ಹಿಟ್ಟನ್ನು ನಾದುವ ಕೊಣಮಿಗೆಯಲ್ಲೇ ಬಿಟ್ಟು ಎದ್ದುಬಂದರು.

"ಅಮಾಸಿ ಏನ್ ಮಾಡೈತ್ರಿ ನಿಮಗ? ನಾವು ಆ ದಿನ ನಡಸ್ತೀವಿ ಅಂತಾನ ನಮಗ ಬಿಡುವು ಸಿಗತದ. ಇಲ್ಲಂದ್ರ ಮೇಸ್ತ್ರಿ ಅವತ್ತೂ ಕರೀತಾನ. ಅದಕ್ಕೂ ಕಲ್ಲು ಹಾಕ್ತೀರೇನು?"

ಅವರು ಹೇಳಿದ್ದು ನಿಜ. ಕಾನೂನು ಕೊಡಬೇಕಾಗಿದ್ದ ವಾರದ ರಜೆಯನ್ನು ಗುತ್ತಿಗೆದಾರ ಕೊಟ್ಟಿರಲಿಲ್ಲ. ಅವರಿಗೆ ಸಿಗುತ್ತಿದ್ದ ಒಂದೇ ಬಿಡುವನ್ನು ಅವರ ನಂಬಿಕೆ ಕಾದುಕೊಟ್ಟಿತ್ತು. ಅದನ್ನು ನಾನು ದಪ್ಪ ಅಕ್ಷರಗಳಲ್ಲಿ ಗೇಲಿ ಮಾಡಿದ್ದೆ. ಉಳಿದ ಕರಪತ್ರಗಳನ್ನು ಹಂಚದೆ, ಸಭೆಯ ದಿನ, ಹೊತ್ತು, ವಿಷಯಗಳನ್ನಷ್ಟೇ ಹೇಳುತ್ತ ಮನೆಯಿಂದ ಮನೆಗೆ ಹೋದೆ.

ಈ ಸಂಗತಿ ಸದಸ್ಯರ ಕಿವಿಗೂ ಬಿದ್ದಿತ್ತು. ಅವರು ನನ್ನನ್ನು ಕರೆಸಿ, ನಿಜವಾಗಿಯೂ ನೆರವಾಗುವ ಮನಸ್ಸಿನಿಂದ ಒಂದು ದಾರಿ ಹೇಳಿದರು. ಅಮಾವಾಸ್ಯೆಯ ಮಧ್ಯಾಹ್ನ ಮಾರಮ್ಮನ ಗುಡಿಯ ಅಂಗಳದಲ್ಲಿ ಹಳೆಯ ಊರೆಲ್ಲ ಊಟಕ್ಕೆ ಸೇರಿರುತ್ತದೆ. ಎಲೆ ಎತ್ತಿದ ಕೂಡಲೇ ಅಲ್ಲೇ ಸಭೆ ಮಾಡಿಬಿಡೋಣ. "ಕೋರಂ ಗ್ಯಾರಂಟಿ ಮೇಡಂ. ಮೈಕೂ ಅಲ್ಲೇ ಇರ್ತದೆ. ನಿಮ್ಮೋರೂ ಬರ್ಲಿ, ಆಚೆ ಅರಳಿಕಟ್ಟೆ ತಾವ ಕೂತ್ಕೊಳ್ಲಿ."

"ಆಚೆ ಯಾಕೆ?"

ಅವರು ನನ್ನ ಮುಖ ನೋಡಿ, ನೋಟವನ್ನು ಬೇರೆಡೆಗೆ ತಿರುಗಿಸಿದರು. "ಅಂಗಳಕ್ಕೆ ಎಲ್ರೂ ಬರಲ್ಲ ಮೇಡಂ. ಅದು ಮೊದ್ಲಿಂದ..."

ಯಾರು ಬರುವುದಿಲ್ಲ ಎಂದು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಸಾಲುಮನೆಗಳ ಬಹುತೇಕರು ದಲಿತರು.

ಎರಡು ದಿನ ನಾನು ಈ ಬಗ್ಗೆ ಯೋಚಿಸಿದೆ. ಕೋರಂ ಇಲ್ಲದೆ ಸಭೆ ಎರಡನೆಯ ಸಲವೂ ಮುರಿದರೆ ಮೂರನೆಯದನ್ನು ಯಾರೂ ಕರೆಯುವುದಿಲ್ಲವೆಂಬುದು ಸ್ಪಷ್ಟವಿತ್ತು. ಪ್ಯಾಕಿಂಗಿನವಳ ಮುಂದಿನ ಸರದಿ ಹತ್ತಿರ ಬರುತ್ತಿತ್ತು. ಗುಡಿಯ ಅಂಗಳವೆಂದರೆ ಖಚಿತವಾದ ನಿರ್ಣಯ, ಬಹುಶಃ ನೀರು ಕೂಡ. ಸಂಸ್ಥೆಯ ಹಿರಿಯರೊಬ್ಬರು, ಮೊದಲು ನೀರು ಬರಲಿ, ಅಂಗಳದ ಪ್ರಶ್ನೆಯನ್ನು ಬೇರೆಯಾಗಿ ಎತ್ತಿಕೊಳ್ಳೋಣ ಎಂದರು. ಅದು ಅವಿವೇಕದ ಸಲಹೆಯಲ್ಲ. ಆದರೆ ಒಂದು ಸರ್ಕಾರಿ ಸಭೆಗೆ ಕೆಲವರು ಹೊರಗೆ ಕೂತು ಕೇಳುವ ಜಾಗವನ್ನು ನಾನೇ ಒಪ್ಪಿ ಸಹಿ ಮಾಡಿದರೆ, ಆ ಹೊರಗಿಡುವಿಕೆ ಪಂಚಾಯಿತಿಯ ನಡಾವಳಿಯೊಳಗೆ ಬಂದು ಕೂರುತ್ತದೆ. ನಾನು ಒಪ್ಪಲಿಲ್ಲ. ಟ್ಯಾಂಕಿನ ಬುಡ ಪಂಚಾಯಿತಿಯ ಜಾಗ, ಗುಡಿಯಿಂದ ಮನೆಗೆ ಮರಳುವವರು ಹಾಯ್ದುಹೋಗುವ ದಾರಿಯಲ್ಲೇ ಇದೆ. ಸಭೆ ಅಲ್ಲಿ, ಊಟ ಮುಗಿದ ಮೇಲೆ ಎಂದು ಅಧಿಕಾರಿಯಿಂದ ಬರೆಸಿಕೊಂಡೆ. ಯಜಮಾನಿಗೂ ಪ್ಯಾಕಿಂಗಿನವಳಿಗೂ ಬೇರೆಬೇರೆಯಾಗಿ, ಕೋರಂ ಆಗದಿರಬಹುದು ಎಂದು ಹೇಳಿದೆ. ಯಜಮಾನಿ "ಆಗ್ಲಿ ಬಿಡ್ರಿ" ಎಂದರು. ಇನ್ನೊಬ್ಬಳು ತನ್ನ ಸರದಿಗೆ ಉಳಿದ ದಿನಗಳನ್ನು ಬೆರಳಲ್ಲಿ ಎಣಿಸಿದಳು.

ಅಮಾವಾಸ್ಯೆಯಂದು ಸಾಲುಮನೆಗಳವರು ಮೊದಲು ಬಂದರು. ಹೆಂಗಸರು ತಲೆಗೆ ಎಣ್ಣೆ ಹಾಕಿ ಮಿಂದು, ಒಳ್ಳೆಯ ಸೀರೆ ಉಟ್ಟಿದ್ದರು. ಗಂಡಸರು ಹಣೆಗೆ ವಿಭೂತಿ ಹಚ್ಚಿದ್ದರು. ಟ್ಯಾಂಕಿನ ನೆರಳಿನಲ್ಲಿ ಕೂತರು. ಎರಡೂಕಾಲಿಗೆ ಪ್ಯಾಕಿಂಗಿನವಳು ಕೊರಳಲ್ಲಿ ಕಾರ್ಖಾನೆಯ ಗುರುತಿನ ಚೀಟಿಯೊಂದಿಗೇ ಬಂದು, ಯಜಮಾನಿಯಿಂದ ಸಾಕಷ್ಟು ದೂರ ಕೂತಳು. ಗುಡಿಯ ಮೈಕು ದೂರದಲ್ಲಿ ಹಾಡುತ್ತಲೇ ಇತ್ತು. ಮತದಾರರು ಒಬ್ಬರೂ ಇರಲಿಲ್ಲ. ಅಧಿಕಾರಿ ಗಡಿಯಾರ ನೋಡಿಕೊಂಡರು.

ಆಮೇಲೆ ಅವರು ಬಂದರು, ಸಭೆಗೆಂದು ಬಂದವರಂತೆ ಅಲ್ಲ. ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು, ಮನೆಗೆ ಹೋಗುವ ದಾರಿಯಲ್ಲಿ ಇದೇನು ಗುಂಪು ಎಂದು ನಿಂತರು. ನನಗೆ ಕರಪತ್ರ ವಾಪಸು ಕೊಟ್ಟಿದ್ದ ಹೆಂಗಸು ಎಲ್ಲರಿಗಿಂತ ಮುಂದೆ ಬಂದು ಕಲ್ಲಿನ ಮೇಲೆ ಕೂತು, "ಎಲ್ಲಿ, ಅದೇನ್ ಸಬೆ ಮಾಡ್ತೀರೋ ಮಾಡಿ ನೋಡವಾ" ಎಂದರು. ಅವರು ಕೂತದ್ದರಿಂದ ಇನ್ನೂ ಹಲವರು ಕೂತರು. ಅಧಿಕಾರಿ ಹಾಜರಿ ಹಾಳೆಯನ್ನು ಕೂತವರ ನಡುವೆಯೇ ತಿರುಗಿಸಿದರು. ಬಹಳ ಹೊತ್ತಿನ ಮೇಲೆ ತಲೆಯೆತ್ತಿ ಕೋರಂ ಆಯಿತು ಎಂದರು.

ಸದಸ್ಯರು ಅಧ್ಯಕ್ಷತೆ ವಹಿಸಿದರು. ಸಾಲುಮನೆಯ ಮಾಲೀಕರೇ ಸಾಲುಮನೆಯ ನೀರಿನ ಸಭೆಗೆ ಅಧ್ಯಕ್ಷರಾಗುವುದು ಸರಿಯಲ್ಲವೆಂದು ನಾನು ಎದ್ದು ಹೇಳಿದೆ. ಕಾಯಿದೆಯ ಪ್ರಕಾರ ಅವರೇ ಆಗಬೇಕು ಎಂದು ಅಧಿಕಾರಿ ಉತ್ತರಿಸಿದರು. ಆಕ್ಷೇಪಣೆಯನ್ನು ಬರೆದುಕೊಂಡರು, ಅಷ್ಟು ಸಾಕಾಗಿತ್ತು. ಸದಸ್ಯರು ಮೊದಲ ಮಾತಿಗೇ, "ಓಟು ಇರೋರು ಮಾತಾಡ್ಲಿ, ಇಲ್ದಿರೋರು ಸುಮ್ನೆ ಕೇಳಿಸ್ಕೊಳ್ಲಿ" ಎಂದರು. ಕೈ ಎತ್ತುವ ಹಕ್ಕು ಮತದಾರರದ್ದು, ಮಾತಾಡಬಾರದೆಂದು ಎಲ್ಲಿಯೂ ಬರೆದಿಲ್ಲ ಎಂದೆ. ಅಧಿಕಾರಿ ತಮ್ಮ ಪುಸ್ತಕವನ್ನು ಎರಡು ಸಲ ತಿರುವಿದರು. "ಮಾತಾಡ್ಬೋದು ಸಾರ್" ಎಂದು ಸದಸ್ಯರ ಮುಖ ನೋಡದೆ ಹೇಳಿದರು. ಆ ಯುವಕನಿಗೆ ಅದು ಸುಲಭದ ಮಾತಾಗಿರಲಿಲ್ಲ.

ಪ್ಯಾಕಿಂಗಿನವಳು ಏಳುತ್ತಾಳೆಂದು ನಾನು ಎಣಿಸಿದ್ದೆ. ಎದ್ದವರು ಸರದಿಯ ಯಜಮಾನಿ.

"ಅಕಾ ನೋಡ್ರಿ, ಅಲ್ಲಿ ಕುಂತಾಳಲ್ಲ, ಆಕಿಗಿ ಕಂಪನಿಗಿ ಹೋಗಬ್ಯಾಡ, ಮನ್ಯಾಗ ಇರು ಅಂದಾಕಿ ನಾನಾ. ಆಕಿ ಗಂಡನ ಕಾಲು ನನಗ ಕಾಣಂಗಿಲ್ಲೇನು? ಗ್ವಾಡಿ ಆಚಿಂದ ಅಂವ ನರಳೋದು ದಿನಾ ಕೇಳ್ತದ. ಆದ್ರ ಆಕಿನ್ನ ಬಿಟ್ರ ಉಳಿದೋರ ಕೊಡ ಯಾರ್ ತುಂಬಬೇಕ್ರಿ? ಹತ್ತಕ್ಕ ನೀರು ಬಿಟ್ಟು ನಮ್ಮ ನಮ್ಮೊಳಗ ಜಗಳ ಹಚ್ಚೀರಿ. ನಸುಕಿನ್ಯಾಗ ಬಿಡ್ರಿ. ದಿನಾ ಬ್ಯಾಡ, ಒಂದ್ ದಿನ ಬಿಟ್ಟು ಒಂದ್ ದಿನ ಬಿಡ್ರಿ ಸಾಕು. ತುಂಬಿಟ್ಟು ಎಲ್ರೂ ದುಡಿಯಾಕ ಹೋಗ್ತೀವಿ."

ಆಮೇಲೆ ಹಳೆಯ ಊರಿನ ಗಂಡಸೊಬ್ಬರು, "ಅವ್ರಿಗೆ ಮೊದ್ಲು ಬಿಟ್ರೆ ನಮ್ಗೆ ಕಮ್ಮಿ ಆಗಲ್ವಾ?" ಎಂದರು. ಎಲ್ಲರೂ ನೀರುಗಂಟಿಯತ್ತ ನೋಡಿದರು. ಆತ ಸದಸ್ಯರನ್ನು ನೋಡಿದ, ಅಧಿಕಾರಿಯನ್ನು ನೋಡಿದ. "ಆಗ್ಬೋದು, ಆಗ್ದೇನೂ ಇರ್ಬೋದು. ಬುಟ್ಟು ನೋಡಿಲ್ಲ" ಎಂದ. ಜನ ನಕ್ಕರು.

"ಬುಟ್ಟು ನೋಡು ಮತ್ತೆ" ಎಂದರು ಕಲ್ಲಿನ ಮೇಲೆ ಕೂತ ಹೆಂಗಸು. "ನಮ್ಮನೆಗಳ್ನಾಗೆ ಸಂಪ್ ಐತೆ. ಐದಕ್ಕೆ ಬಂದ್ರೇನು, ಆರಕ್ಕೆ ಬಂದ್ರೇನು? ಬಾಡ್ಗೆ ಈಸ್ಕೊಳ್ಳೋವಾಗ ನಮ್ಮೋರು, ನೀರು ಬುಡೋವಾಗ ಹೊರಗಿನೋರಾ?" ಕೊನೆಯ ಮಾತು ಸದಸ್ಯರಿಗೆ ಎಂಬುದು ಎಲ್ಲರಿಗೂ ತಿಳಿಯಿತು. ಸದಸ್ಯರು ಅವರ ಮೈದುನನ ಮಗ ಎಂಬುದು ನನಗೆ ಆಮೇಲೆ ತಿಳಿಯಿತು.

ಕಡೆಗೆ ಆದ ನಿರ್ಣಯ ಇಷ್ಟು: ದಿನ ಬಿಟ್ಟು ದಿನ ಮೂರನೆಯ ವಾಲ್ವನ್ನು ನಸುಕಿನ ನಾಲ್ಕೂವರೆಗೆ, ಊರಿನ ವಾಲ್ವ್‌ಗಳಿಗಿಂತ ಮೊದಲು ತೆರೆಯಬೇಕು. ತೊಂದರೆಯಾದರೆ ಮುಂದಿನ ವಾರ್ಡ್ ಸಭೆಯಲ್ಲಿ ಬದಲಿಸಬೇಕು, ಬೇರೆ ಯಾರೂ ಬದಲಿಸಕೂಡದು. ಬದಲಾದ ದಿನ ಉತ್ತರ ಹೇಳಬೇಕಾದವರು ಅಭಿವೃದ್ಧಿ ಅಧಿಕಾರಿ. ಕೊನೆಯ ವಾಕ್ಯಕ್ಕಾಗಿ ನಾನು ಬಹಳ ಹೊತ್ತು ವಾದಿಸಬೇಕಾಯಿತು. ಕೈಗಳು ಎದ್ದವು, ಕೆಲವು ಎದ್ದು ಅಕ್ಕಪಕ್ಕ ನೋಡಿ ಇಳಿದವು, ಮತ್ತೆ ಎದ್ದವು. ಸದಸ್ಯರು ಎಣಿಸಿ, "ಆಯ್ತು ಬರ್ಕೊಳ್ಳಿ" ಎಂದರು. ಅಧಿಕಾರಿ ಅಲ್ಲೇ ಬರೆದು, ನಿಂತು ಓದಿದರು. ಸಾಲುಮನೆಗಳ ಜನ ಕೈ ಎತ್ತದೆ ಕೂತು ಕೇಳಿಸಿಕೊಂಡರು. ತಮ್ಮ ಬದುಕಿನ ನೀರಿನ ಬಗ್ಗೆ ಕೈ ಎತ್ತಲು ಅವರಿಗೆ ಹಕ್ಕಿರಲಿಲ್ಲ. ತಮ್ಮ ಹುಟ್ಟೂರಿನ ಮತಪಟ್ಟಿಯಿಂದ ಹೆಸರು ತೆಗೆಸಿದರೆ ಅಲ್ಲಿಯ ಪಡಿತರಕ್ಕೆ ಸಂಚಕಾರ ಬಂದೀತೆಂಬ ಭಯ, ಇಲ್ಲಿ ಸೇರಿಸೋಣವೆಂದರೆ ಬಾಡಿಗೆ ಕರಾರು ಬರೆದುಕೊಡದ ಮಾಲೀಕರು. ಆ ಸಭೆ ಈ ಅನ್ಯಾಯವನ್ನು ಮುಟ್ಟಲಿಲ್ಲ. ಮಾರಮ್ಮನ ಗುಡಿಯ ಅಂಗಳವೂ ಹಾಗೆಯೇ ಉಳಿಯಿತು. ಇವೆರಡನ್ನೂ ನಾನು ಗೆಲುವಿನ ಲೆಕ್ಕದಲ್ಲಿ ಮರೆಸಲಾರೆ.

ನೀರು ನಸುಕಿನಲ್ಲಿ ಬರತೊಡಗಿತು. ಸರದಿ ಒಂದೆರಡು ವಾರ ಅಭ್ಯಾಸಬಲದಿಂದ ನಡೆದು, ಯಾರೂ ಮುರಿಯದೆಯೇ ನಿಂತುಹೋಯಿತು. ಪ್ಯಾಕಿಂಗಿನವಳು ಹೊಸದಾಗಿ ಶುರುವಾಗಿದ್ದ ಮೂರು ತಿಂಗಳನ್ನು ಎಣಿಸುತ್ತ ಹೋದಳು. ನನ್ನನ್ನು ಸಂಸ್ಥೆಯವರು ಹೂಡಿಯ ಕಡೆಯ ವಾರ್ಡುಗಳಿಗೆ ಕಳಿಸಿದರು. ನಗರದ ಇನ್ನೊಂದು ತುದಿ ಅದು, ಹೋಗಿಬರುವುದರಲ್ಲೇ ಅರ್ಧ ದಿನ ಕಳೆಯುತ್ತಿತ್ತು. ತುಮಕೂರು ರಸ್ತೆಯ ಕಡೆಯಿಂದ ಫೋನು ಬರಲಿಲ್ಲ. ಬರದಿದ್ದುದು ನನಗೆ ಆತಂಕವನ್ನೇ ತಂದಿತು.

ಮೂರು ತಿಂಗಳು ಕಳೆದ ಮೇಲೆ ಒಂದು ಸಂಜೆ ಹೋದೆ. ಪ್ಯಾಕಿಂಗಿನವಳು ಮನೆಯಲ್ಲಿರಲಿಲ್ಲ. ಕಾಯಂ ಆಗಿ, ಕಾರ್ಡು ಬಂದು, ಗಂಡನನ್ನು ಇಎಸ್ಐ ಆಸ್ಪತ್ರೆಗೆ ಸೇರಿಸಿದ್ದಾಳೆಂದು ಸರದಿಯ ಯಜಮಾನಿ ಹೇಳಿದರು. ಅವನಿಗೆ ಒಯ್ಯಲು ಜೋಳದ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದರು. ಅವಧಿ ಮುಗಿಯಲು ನಾಲ್ಕು ದಿನವಿದ್ದಾಗ ನೀರುಗಂಟಿ ಮದುವೆಗೆಂದು ಊರಿಗೆ ಹೋಗಿ, ಸಾಲುಮನೆಯ ನಸುಕಿಗೆ ವಾಲ್ವ್ ತೆರೆಯುವವರಿಲ್ಲದೆ ಹೋಗಿತ್ತು ಎಂಬುದು ಮಾತಿನ ನಡುವೆ ಬಂತು. ನಾನು ಗಾಬರಿಯಾಗಿ, ಆಮೇಲೆ ಏನು ಮಾಡಿದಿರಿ ಎಂದೆ.

"ಆಕಿನ್ನ ಶಿಫ್ಟಿಗಿ ಕಳಿಸಿ, ನಾವೊಂದ್ ಏಳೆಂಟು ಮಂದಿ ಆ ಪಂಚಾಯ್ತಿ ಆಫೀಸಿನ ಸಾಹೇಬ್ರ ಮನಿಗಿ ಹೋಗಿ ಬಾಗಿಲಾ ಬಡಿದ್ವಿ. ಸಭ್ಯಾಗ ನಿಮ್ಮ ಹೆಸರು ಓದೀರಲ್ರಿ, ಬರ್ರಿ ಅಂದ್ವಿ. ಹಲ್ಲುಜ್ಜೋ ಕಡ್ಡಿ ಬಾಯಾಗ ಇಟ್ಕೊಂಡೇ ಬಂದು ತಾವಾ ವಾಲ್ವ್ ತಿರುವಿದ್ರು." ಅವರು ನಗು ತಡೆಯಲಾರದೆ ರೊಟ್ಟಿಯ ಗಂಟನ್ನು ಕೆಳಗಿಟ್ಟರು. "ಪ್ಯಾಂಟೆಲ್ಲಾ ತೊಯ್ಸಿಕೊಂಡ್ರು ಪಾಪ."

"ನನಗೆ ಒಂದು ಫೋನು ಮಾಡಬಹುದಿತ್ತಲ್ಲ" ಎಂದೆ.

"ನಿಮಗ್ಯಾಕ್ರಿ?" ಎಂದು ಅವರು ನಿಜವಾದ ಅಚ್ಚರಿಯಿಂದ ಕೇಳಿದರು. "ನೀರು ಬಿಡೋರು ನೀವೇನು?"